ಹಾಲು, ಪಾಲು ಮತ್ತು ಜಪಾನಿ ಕಾಗುಣಿತ

ಡಿಸೆಂಬರ್‌ನಲ್ಲಿ ನನ್ನ ಜಪಾನಿ ಪರೀಕ್ಷೆ. ಮೂರು ಆ್ಯಪ್ ಹಾಕಿಕೊಂಡರೂ ಅಕ್ಷರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ದೀಪಾವಳಿಗೆ ಊರಿಗೆ ಹೊರಟವನು ಭಟ್ಕಳದಲ್ಲಿ ಎಚ್ಚರಾಗಿ, ಹೊನ್ನಾವರದ ಶರಾವತಿ ಸೇತುವೆ ದಾಟುವವರೆಗೂ ಅದನ್ನೇ ಗುನುಗುತ್ತಿದ್ದೆ: ಕ, ಕಿ, ಕು, ಕೆ, ಕೊ. ಕುಮಟಾದ ಮನೆಯಲ್ಲೂ ಅದೇ ಮುಂದುವರಿಯಿತು. ಅಮ್ಮಮ್ಮ ಕೇಳಿದಳು, "ಇದೆಂತದಾ ತಮಾ, ನಮ್ಮ ಕಾಗುಣಿತವೇ ಅಲ್ದನಾ?"

ಹೌದು, ನಮ್ಮದೇ. ಬೌದ್ಧ ಗ್ರಂಥಗಳ ಜೊತೆ ಸಿದ್ಧಂ ಲಿಪಿ ಚೀನಾ ದಾರಿಯಾಗಿ ಜಪಾನಿಗೆ ಹೋಯಿತು. ಅದನ್ನು ಓದುತ್ತಿದ್ದ ಸನ್ಯಾಸಿಗಳು ಸುಮಾರು 11ನೇ ಶತಮಾನದ ಹೊತ್ತಿಗೆ ತಮ್ಮ ಅಕ್ಷರಗಳನ್ನೂ ಸಂಸ್ಕೃತ ವರ್ಣಮಾಲೆಯ ಕ್ರಮದಲ್ಲಿ ಜೋಡಿಸತೊಡಗಿದರು. ಸ್ವರ ಅ, ಇ, ಉ, ಎ, ಒ. ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. ಆದರೆ ಶಾಲೆಯಲ್ಲಿ ಮಕ್ಕಳು ಬಹುಕಾಲ ಕಲಿತದ್ದು ಇರೋಹಾ ಪದ್ಯದಿಂದ. ಪ್ರತಿ ಅಕ್ಷರವೂ ಒಂದೇ ಸಲ ಬರುವ ಈ ಪದ್ಯ 1079ರ ಬರಹದಲ್ಲಿ ಸಿಗುತ್ತದೆ.

ನಾನು ಎಡವುತ್ತಿದ್ದದ್ದು 'ಹ' ಹತ್ತಿರ. ನಮ್ಮಲ್ಲಿ ಕೊನೆಗೆ ಬರುವ ಹಕಾರ ಅಲ್ಲಿ ನ ಮತ್ತು ಮ ನಡುವೆ ಏಕೆ? ಅದು ಪ-ವರ್ಗದ ಜಾಗ. ಸುಳಿವು ಬರವಣಿಗೆಯಲ್ಲೇ ಇದೆ. ಕ ಮೇಲೆ ಎರಡು ಸಣ್ಣ ಗೀರು ಹಾಕಿದರೆ ಗ, ತ ಮೇಲೆ ಹಾಕಿದರೆ ದ, ಹ ಮೇಲೆ ಹಾಕಿದರೆ ಬ! ಅಂದರೆ ಈ ಹ ಒಂದು ಕಾಲದಲ್ಲಿ ಪ ಆಗಿತ್ತು. ಜಪಾನಿಯರ ಬಾಯಲ್ಲಿ ಸದ್ದು ಸವೆಯಿತು, ಕೋಷ್ಟಕ ಮಾತ್ರ ಹಳೇ ಜಾಗ ಬಿಡಲಿಲ್ಲ.

ಕನ್ನಡಿಗರಿಗೆ ಇದು ಹೊಸದೇನಲ್ಲ ನೋಡಿ. ಹಳಗನ್ನಡದ ಪಾಲು ಹಾಲಾಯಿತು, ಪೂ ಹೂವಾಯಿತು. ಎರಡು ಭಾಷೆಗಳಿಗೆ ಸಂಬಂಧವಿಲ್ಲ, ಆದರೂ ಸವೆದ ದಾರಿ ಒಂದೇ. ಇಷ್ಟು ತಿಳಿದ ಮೇಲೆ ಆ ಸಾಲು ಮರೆತಿಲ್ಲ.

ಕುಮಟಾ ತಾಲೂಕಿನದೇ ಗೋಕರ್ಣದ ವೈದಿಕರಿಂದಲೂ ಒಂದು ಉಪಾಯ ಕದ್ದೆ. ವೇದದ ಸದ್ದು ಸವೆಯಬಾರದೆಂದೇ ಹುಟ್ಟಿದ ಜಟಾಪಾಠದಲ್ಲಿ ಜೋಡಿ ಪದಗಳನ್ನು ಮುಂದೆ, ಹಿಂದೆ, ಮತ್ತೆ ಮುಂದೆ ಹೇಳುತ್ತಾರೆ. ನಾನೂ ಹಾಗೇ: ಕ-ಸ, ಸ-ಕ, ಕ-ಸ. ಬಾಯಿಪಾಠ ಅಂದರೆ ಮೂಗು ಮುರಿಯುತ್ತಿದ್ದವನು ನಾನೇ!

ಆದರೆ 2,136 ನಿತ್ಯಬಳಕೆಯ ಕಾಂಜಿಗಳಿಗೆ ಕಾಗುಣಿತ ಸಾಲದು. ಅಲ್ಲಿ ಕತೆ ಕಟ್ಟಬೇಕು. ಮರದ ಪಕ್ಕ ಮನುಷ್ಯ, ಅರ್ಥ ವಿಶ್ರಾಂತಿ. ಅಮ್ಮಮ್ಮನಿಗೆ ಬರೆದು ತೋರಿಸಿದೆ. "ಯಾವ ಮರನಾ? ತೆಂಗಿನ ಬುಡದಲ್ಲಿ ಕೂತ್ಕಂಡ್ರೆ ಕಾಯಿ ತಲೆ ಮೇಲೆ ಬೀಳ್ತು!" ಅಂದಳು. ಆ ಒಂದು ಕಾಂಜಿಯನ್ನು ಮಾತ್ರ ನಾನು ಇನ್ನೂ ಒಮ್ಮೆಯೂ ತಪ್ಪಿಲ್ಲ.