ಟ್ಯಾಂಕಿನಲ್ಲಿ ಬೆರೆಸುವುದೋ, ಪಂಪಿಗೆ ಬಿಡುವುದೋ: ಟೂ ಸ್ಟ್ರೋಕ್ ಡರ್ಟ್ ಬೈಕುಗಳ ಆಯಿಲ್ ಪುರಾಣ

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ತಳದಲ್ಲಿ ನಿಂತಿರುತ್ತದೆ. ಪಂಪು ಅದನ್ನು ಮೇಲಕ್ಕೆ ತಳ್ಳುತ್ತದೆ, ಅದು ಮತ್ತೆ ಇಳಿದು ಬರುತ್ತದೆ. ಟೂ ಸ್ಟ್ರೋಕಿಗೆ ಆ ಭಾಗ್ಯವಿಲ್ಲ. ಅಲ್ಲಿ ಗಾಳಿಯೂ ಪೆಟ್ರೋಲೂ ಮೊದಲು ಕ್ರ್ಯಾಂಕ್‌ಕೇಸಿಗೇ ಬಂದು, ಕೆಳಗಿಳಿಯುವ ಪಿಸ್ಟನ್ನಿನ ಒತ್ತಡಕ್ಕೆ ಸಿಕ್ಕಿ, ಟ್ರಾನ್ಸ್‌ಫರ್ ಪೋರ್ಟುಗಳ ಮೂಲಕ ಸಿಲಿಂಡರಿಗೆ ಏರಬೇಕು. ಆ ದಾರಿಯಲ್ಲಿ ಆಯಿಲ್ ತುಂಬಿಸಿಡುವಂತಿಲ್ಲ. ಬಂದ ಆಯಿಲ್ ಬೇರಿಂಗಿಗೂ ಪಿಸ್ಟನ್ನಿಗೂ ಸವರಿಕೊಂಡು, ಕೊನೆಗೆ ಪೆಟ್ರೋಲಿನ ಜೊತೆ ಉರಿದುಹೋಗಬೇಕು. ಪ್ರತಿ ಹನಿಗೂ ಒಂದೇ ಪ್ರಯಾಣ. ಆ ಹನಿಯನ್ನು ಒಳಗೆ ಕಳಿಸುವ ಬಗೆ ಯಾವುದು ಎಂಬ ವಾದಕ್ಕೆ ನೂರು ವರ್ಷ ದಾಟಿದೆ. ಈ ವಾದ ಅತಿ ಜೋರಾಗಿ ನಡೆದದ್ದು, ಈಗಲೂ ನಡೆಯುತ್ತಿರುವುದು ಮಣ್ಣಿನಲ್ಲಿ ಓಡುವ ಗಾಡಿಗಳ ಸುತ್ತ.

ಬೆರೆಸುವುದೇ ಹಳೆಯ ಪದ್ಧತಿ, ಪಂಪು ಆಮೇಲೆ ಬಂದ ಸುಧಾರಣೆ ಎಂದು ಹಲವರು ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಇಂಗ್ಲೆಂಡಿನ ಸ್ಕಾಟ್ ಬೈಕುಗಳಲ್ಲಿ ಆಯಿಲ್ ಪ್ರತ್ಯೇಕವಾಗಿಯೇ ಹೋಗುತ್ತಿತ್ತು. 1930ರಲ್ಲಿ ಬಂದ ವೆಲೊಸೆಟ್ ಜಿಟಿಪಿಯಲ್ಲಿ ಆಕ್ಸಿಲರೇಟರಿಗೆ ಜೋಡಿಸಿದ ಪಂಪು ಇತ್ತು. ಅಗ್ಗದ ಗಾಡಿ ಮಾಡುವವರಿಗೆ ಮಾತ್ರ ಈ ಪಂಪು, ಪೈಪು, ಎರಡನೇ ಟ್ಯಾಂಕು ಯಾವುದೂ ಬೇಡವಾಯಿತು. ಸವಾರನೇ ಪೆಟ್ರೋಲಿಗೆ ಆಯಿಲ್ ಸುರಿದು ಗಾಡಿ ಅಲ್ಲಾಡಿಸಿದರೆ ಕೆಲಸ ಮುಗಿಯಿತು. ಜರ್ಮನಿಯ ಡಿಕೆಡಬ್ಲ್ಯು ಆರ್‌ಟಿ 125 ಆ ಸರಳತೆಯ ಮೇಲೇ ನಿಂತಿತು, ಎರಡನೇ ಮಹಾಯುದ್ಧದ ನಂತರ ಅದರ ನಕಲುಗಳು ಹಲವು ದೇಶಗಳಲ್ಲಿ ಓಡಿದವು. ಕರ್ನಾಟಕಕ್ಕೆ ಅದೇ ಪದ್ಧತಿ ಝೆಕ್ ದೇಶದ ಜಾವಾ ಮೂಲಕ ಬಂತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳ ಸವಾರರು ಪೆಟ್ರೋಲ್ ಬಂಕಿನಲ್ಲಿ ಆಯಿಲ್ ಹಾಕಿಸುವುದನ್ನು ಮರೆಯುವಂತಿರಲಿಲ್ಲ. ಮರೆತರೆ ಗಾಡಿ ಸೀಜ್ ಆಗುವುದು ಖಂಡಿತ.

ಆಗಿನ ಆಯಿಲಿನ ಗುಣವೂ ಈ ಕಥೆಯಲ್ಲಿ ದೊಡ್ಡ ಪಾತ್ರ ವಹಿಸಿತು. ರೇಸಿನವರು ಬಹುಕಾಲ ಹರಳೆಣ್ಣೆಯನ್ನೇ ನಂಬಿದ್ದರು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಅದರಿಂದಲೇ. ಎಷ್ಟು ಬಿಸಿಯಾದರೂ ಲೋಹದ ಮೇಲಿನ ಪದರ ಬಿಡದ ಎಣ್ಣೆ ಅದು. ಆದರೆ ಚಳಿಯಲ್ಲಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ, ಉರಿದಾಗ ಪಿಸ್ಟನ್ ರಿಂಗುಗಳಿಗೆ ಅಂಟಾಗಿ ಕೂರುತ್ತದೆ. ಸಾಮಾನ್ಯ ಖನಿಜ ಎಣ್ಣೆ ಹಾಕಿದವರು 16:1, 20:1ರ ಲೆಕ್ಕದಲ್ಲಿ ಸುರಿಯುತ್ತಿದ್ದರು. 20:1 ಎಂದರೆ ಲೀಟರಿಗೆ 50 ಎಂಎಲ್. ಪ್ಲಗ್ ಕಪ್ಪಾಗುವುದು, ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟುವುದು, ಹಿಂದೆ ಬರುವವನಿಗೆ ಹೊಗೆ, ಎಲ್ಲವೂ ಈ ಲೆಕ್ಕದ ಕಾಣಿಕೆ. ಸಿಂಥೆಟಿಕ್ ಎಣ್ಣೆ ಬಂದ ಮೇಲೆ ಅದೇ ಕೆಲಸಕ್ಕೆ 40:1, 50:1, 60:1 ಸಾಕಾಯಿತು. 1990ರ ದಶಕದಲ್ಲಿ ಜಪಾನಿನವರು ಎಫ್‌ಬಿ, ಎಫ್‌ಸಿ ಎಂಬ ಜಾಸೊ ದರ್ಜೆಗಳನ್ನು ತಂದು ಹೊಗೆ, ಇಂಗಾಲಗಳ ಪರೀಕ್ಷೆಗೆ ಒಂದು ಅಳತೆಗೋಲು ಕೊಟ್ಟರು.

ಪಂಪು ಜನರ ಗಾಡಿಗೆ ಗಟ್ಟಿಯಾಗಿ ಬಂದದ್ದು 1964ರಲ್ಲಿ, ಯಮಹಾ ವೈಎ-6ರ ಆಟೋಲ್ಯೂಬ್ ರೂಪದಲ್ಲಿ. ಇದರ ಜಾಣತನ ಸ್ವಲ್ಪ ಹತ್ತಿರದಿಂದ ನೋಡುವಂಥದ್ದು. ಪುಟ್ಟ ಪ್ಲಂಜರ್ ಪಂಪನ್ನು ತಿರುಗಿಸುವುದು ಎಂಜಿನ್. ಹೀಗಾಗಿ ಆರ್‌ಪಿಎಂ ಏರಿದಷ್ಟೂ ಪಂಪು ಹೆಚ್ಚು ಸಲ ಬಡಿಯುತ್ತದೆ. ಜೊತೆಗೆ ಆಕ್ಸಿಲರೇಟರಿನಿಂದ ಕವಲೊಡೆದ ಒಂದು ಕೇಬಲ್ ಬಂದು ಆ ಪ್ಲಂಜರ್ ಎಷ್ಟು ದೂರ ಚಲಿಸಬೇಕೆಂದು ನಿರ್ಧರಿಸುತ್ತದೆ. ಎರಡು ಸಂಗತಿಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಐಡಲ್‌ನಲ್ಲಿ ನಿಂತ ಗಾಡಿಗೆ ತೀರಾ ಕಡಿಮೆ ಆಯಿಲ್, ಪೂರ್ತಿ ರೇಸ್ ಕೊಟ್ಟಾಗ ಧಾರಾಳ ಆಯಿಲ್ ಸಿಗುತ್ತದೆ. ಬೆರೆಸಿದ ಪೆಟ್ರೋಲಿಗೆ ಇದು ಸಾಧ್ಯವೇ ಇಲ್ಲ. ಅದರಲ್ಲಿ ಅನುಪಾತ ಬಂಕಿನಲ್ಲೇ ನಿಗದಿಯಾಗಿ ಹೋಗಿರುತ್ತದೆ. ಸುಜುಕಿ ತನ್ನ ಸಿಸಿಐ ಪದ್ಧತಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆಯಿಲನ್ನು ನೇರವಾಗಿ ಕ್ರ್ಯಾಂಕ್ ಬೇರಿಂಗಿಗೂ ಸಿಲಿಂಡರಿಗೂ ಒಯ್ದಿತು. ಕಾವಾಸಾಕಿಯದು ಇಂಜೆಕ್ಟೊಲ್ಯೂಬ್.

ಬೆರೆಸಿದ ಪೆಟ್ರೋಲಿನ ದೊಡ್ಡ ಅಪಾಯ ಇಳಿಜಾರಿನಲ್ಲಿದೆ. ಉದ್ದ ಘಾಟಿಯನ್ನು ಗೇರಿನಲ್ಲಿ, ರೇಸ್ ಬಿಟ್ಟು ಇಳಿಯುವಾಗ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಕಾರ್ಬ್ಯುರೇಟರ್ ಮುಚ್ಚಿರುತ್ತದೆ. ಪೆಟ್ರೋಲ್ ಬರದಿದ್ದರೆ ಆಯಿಲೂ ಇಲ್ಲ. ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಹಳೆಯ ಜಾವಾ ಸವಾರರು ಆಗಾಗ ಕ್ಲಚ್ ಹಿಡಿದು ರೇಸ್ ಕೊಡುತ್ತಿದ್ದುದು ಚಟಕ್ಕಲ್ಲ. ಪಂಪು ಎಂಜಿನ್ನಿಗೇ ಕಟ್ಟಿಕೊಂಡಿರುವುದರಿಂದ ರೇಸ್ ಬಿಟ್ಟರೂ ಒಂದಿಷ್ಟು ಆಯಿಲ್ ಕಳಿಸುತ್ತಲೇ ಇರುತ್ತದೆ.

ಇಷ್ಟೆಲ್ಲ ಅನುಕೂಲ ಇದ್ದ ಮೇಲೆ ಡರ್ಟ್ ಬೈಕುಗಳೆಲ್ಲ ಪಂಪಿಗೆ ಬದಲಾಗಬೇಕಿತ್ತು. ಆಗಲಿಲ್ಲ. ಬದಲಿಗೆ ಒಂದೇ ಕಂಪನಿಯೊಳಗೆ ಎರಡು ಕವಲುಗಳಾದವು. 1968ರಲ್ಲಿ ಮಾರುಕಟ್ಟೆಗೆ ಬಂದ ಯಮಹಾದ 250 ಸಿಸಿ ಡಿಟಿ-1, ವಾರದ ದಿನ ಕೆಲಸಕ್ಕೆ ಹೋಗಿ ಭಾನುವಾರ ಗುಡ್ಡ ಹತ್ತುವವನ ಗಾಡಿ. ಅದಕ್ಕೆ ಆಟೋಲ್ಯೂಬ್. ಅದೇ ಯಮಹಾದ ಮೋಟೊಕ್ರಾಸ್ ವೈಝೆಡ್‌ಗಳಿಗೆ, ಎಂಡ್ಯೂರೊ ಐಟಿಗಳಿಗೆ ಬೆರೆಸಿದ ಪೆಟ್ರೋಲ್. ಹೋಂಡಾ ಕೂಡ ಹಾಗೆಯೇ ಮಾಡಿತು: 1973ರ ಸಿಆರ್250ಎಂ ಎಲ್ಸಿನೋರ್ ರೇಸಿಗಾದ್ದರಿಂದ ಬೆರೆಸಬೇಕು, ಮರುವರ್ಷ ಬಂದ ರಸ್ತೆಗೂ ಸಲ್ಲುವ ಎಂಟಿ250ಗೆ ಪಂಪು.

ಈ ಕವಲನ್ನು ಹಟಮಾರಿತನ ಎನ್ನಲು ನನಗೆ ಮನಸ್ಸಿಲ್ಲ. ಮೋಟೊಕ್ರಾಸ್ ಟ್ರ್ಯಾಕಿನಲ್ಲಿ ಉದ್ದ ಇಳಿಜಾರೇ ಇಲ್ಲ. ಸವಾರ ಒಂದೋ ಪೂರ್ತಿ ರೇಸ್ ಕೊಟ್ಟಿರುತ್ತಾನೆ, ಇಲ್ಲವೇ ಬ್ರೇಕ್ ಹಿಡಿದಿರುತ್ತಾನೆ. ಅರ್ಧ ಗಂಟೆಯ ರೇಸಿಗೆ ಒಂದು ಟ್ಯಾಂಕು ಸಾಕು, ಅದನ್ನು ಬೆರೆಸಿಕೊಡಲು ಮೆಕ್ಯಾನಿಕ್ ಇದ್ದಾನೆ. ಮೇಲಾಗಿ ಬಿದ್ದಾಗ ಕಿತ್ತುಹೋಗಲು ಪೈಪಿಲ್ಲ, ಹೊರಲು ಎರಡನೇ ಟ್ಯಾಂಕಿಲ್ಲ. ಎಲ್ಲಕ್ಕಿಂತ ದೊಡ್ಡದು ಭಯದ ಪ್ರಶ್ನೆ. ಪಂಪು ಕೆಟ್ಟರೆ ಅಥವಾ ಆಯಿಲ್ ಖಾಲಿಯಾಗಿ ಪೈಪಿನೊಳಗೆ ಗಾಳಿ ಸೇರಿದರೆ ಸವಾರನಿಗೆ ಗೊತ್ತಾಗುವುದು ಪಿಸ್ಟನ್ ಹಿಡಿದುಕೊಂಡ ಮೇಲೆಯೇ. ಬೆರೆಸಿದ ಪೆಟ್ರೋಲ್ ಇದ್ದರೆ ಗಾಡಿ ಓಡುತ್ತಿರುವವರೆಗೂ ಆಯಿಲ್ ಹೋಗುತ್ತಿದೆ ಎಂದೇ ಅರ್ಥ. ಭಾರತದಲ್ಲಿ ಯಮಹಾ ಆರ್‌ಎಕ್ಸ್100 ಬರುವಾಗಲೇ ಆಯಿಲ್ ಟ್ಯಾಂಕು, ಪಂಪು ಹೊತ್ತು ಬಂತು. ಆದರೂ ಡರ್ಟ್ ಟ್ರ್ಯಾಕಿಗೆ ಅದನ್ನು ಸಜ್ಜು ಮಾಡುವಾಗ ಎಷ್ಟೋ ಗ್ಯಾರೇಜಿನವರು ಮೊದಲು ಮಾಡುವುದು ಪಂಪು ಬಂದ್ ಮಾಡಿ ಪ್ಲೇಟು ಕೂರಿಸುವ ಕೆಲಸ.

ಹಾಗೆ ಮಾಡುವವರು ಒಂದು ವಿಷಯದಲ್ಲಿ ಎಡವುತ್ತಾರೆ. ಎಂಜಿನ್ ಉಳಿಯಲಿ ಎಂದು ಕೈಬಿಚ್ಚಿ ಆಯಿಲ್ ಸುರಿದರೆ, ಕಾರ್ಬ್ಯುರೇಟರಿನ ಅದೇ ಜೆಟ್ಟಿನಲ್ಲಿ ಹಾದುಹೋಗುವ ಪೆಟ್ರೋಲಿನ ಪಾಲು ಇಳಿಯುತ್ತದೆ, ಮಿಶ್ರಣ ಲೀನ್ ಆಗುತ್ತದೆ, ಎಂಜಿನ್ ಬಿಸಿಯೇರುತ್ತದೆ. ಅನುಪಾತ ಬದಲಾಯಿಸಿದವರು ಜೆಟ್ಟನ್ನೂ ನೋಡಿಕೊಳ್ಳಬೇಕು.

ಇದರ ನಡುವೆ ನಮ್ಮ ನಗರಗಳಲ್ಲಿ ಬೆರೆಸುವ ಕೆಲಸವೇ ಸರ್ಕಾರದ ಕೈಗೆ ಬಂದ ಒಂದು ಅಧ್ಯಾಯವೂ ಇದೆ. ಅಳತೆಯಿಲ್ಲದೆ ಸುರಿದ ಬಿಡಿ ಟೂ ಸ್ಟ್ರೋಕ್ ಆಯಿಲಿನ ಹೊಗೆ ತಡೆಯಲಾಗದೆ, 1998ರ ಕೊನೆಗೆ ದೆಹಲಿಯ ಬಂಕುಗಳಲ್ಲಿ ಯಂತ್ರವೇ ಬೆರೆಸಿಕೊಡುವ ಪೆಟ್ರೋಲನ್ನು ಕಡ್ಡಾಯ ಮಾಡಲಾಯಿತು.

ಕಥೆ ನಿಜಕ್ಕೂ ತಿರುವು ಪಡೆದದ್ದು 2017ರಲ್ಲಿ. ಆಸ್ಟ್ರಿಯಾದ ಕೆಟಿಎಂ ತನ್ನ 250 ಮತ್ತು 300 ಇಎಕ್ಸ್‌ಸಿ ಎಂಡ್ಯೂರೊ ಗಾಡಿಗಳಿಗೆ ಟಿಪಿಐ ಎಂಬ ಇಂಜೆಕ್ಷನ್ ತಂದಿತು. ಹೊಗೆಗೆ ಮಿತಿ ಹಾಕುವ ಯುರೋ 4 ನಿಯಮ ಎದುರಿಗಿತ್ತು, ಕಾರ್ಬ್ಯುರೇಟರಿನಿಂದ ಅದನ್ನು ದಾಟುವುದು ಕಷ್ಟವಿತ್ತು. ಇದರಲ್ಲಿ ಎರಡು ಇಂಜೆಕ್ಟರುಗಳು ಪೆಟ್ರೋಲನ್ನು ಸಿಲಿಂಡರಿನ ಹಿಂಬದಿಯ ಟ್ರಾನ್ಸ್‌ಫರ್ ಪೋರ್ಟುಗಳಿಗೇ ಚಿಮ್ಮಿಸುತ್ತವೆ. ಅಂದರೆ ಪೆಟ್ರೋಲಿನ ಬಹುಪಾಲು ಈಗ ಕ್ರ್ಯಾಂಕ್‌ಕೇಸಿಗೆ ಹೋಗುವುದೇ ಇಲ್ಲ. ಅದರಲ್ಲಿ ಎಷ್ಟೇ ಆಯಿಲ್ ಬೆರೆಸಿದರೂ ಕ್ರ್ಯಾಂಕ್ ಬೇರಿಂಗಿಗೆ ತಲುಪದು. ಹಾಗಾಗಿ ಸುಮಾರು 700 ಎಂಎಲ್‌ನ ಆಯಿಲ್ ಟ್ಯಾಂಕು, ಎಲೆಕ್ಟ್ರಾನಿಕ್ ಪಂಪು ಬೇಕೇ ಬೇಕಾಯಿತು. ಒಳಬರುವ ಗಾಳಿಗೆ ಆಯಿಲ್ ಹನಿಸಿ, ಹೊರೆಗೆ ತಕ್ಕಂತೆ ಸರಾಸರಿ 80:1ರ ಆಸುಪಾಸಿನಲ್ಲಿ ಅದು ಲೆಕ್ಕ ಇಡುತ್ತಿತ್ತು. ಹೊಗೆ ಕಮ್ಮಿ, ಆಯಿಲ್ ಉಳಿತಾಯ. ಬೆರೆಸುವುದನ್ನೇ ನಂಬಿದ ಕಟ್ಟಾ ಸವಾರರು ಕೂಡ ಅಳತೆಯ ಲೋಟ ಕೆಳಗಿಟ್ಟು, ಯಾವ ಬಂಕಿನಲ್ಲಾದರೂ ಟ್ಯಾಂಕು ತುಂಬಿಸಿಕೊಂಡು ಹೊರಡುವಂತಾಯಿತು.

ಆಯಿಲಿನ ಪದ್ಧತಿಯನ್ನು ನಿರ್ಧರಿಸುವುದು ಆಯಿಲಲ್ಲ, ಪೆಟ್ರೋಲಿನ ದಾರಿ ಎಂಬುದಕ್ಕೆ ಮುಂದಿನ ಬೆಳವಣಿಗೆಯೇ ಸಾಕ್ಷಿ. 2023ರ ಮಾದರಿಗಳಲ್ಲಿ ಕೆಟಿಎಂ ತನ್ನ ಎಸ್‌ಎಕ್ಸ್ ಮೋಟೊಕ್ರಾಸ್ ಗಾಡಿಗಳಿಗೆ ಟಿಬಿಐ ತಂದಿತು. ಅದರಲ್ಲಿ ಇಂಜೆಕ್ಟರುಗಳು ಥ್ರಾಟಲ್ ಬಾಡಿಗೆ ಬಂದವು, ಪೆಟ್ರೋಲ್ ಮತ್ತೆ ಕ್ರ್ಯಾಂಕ್‌ಕೇಸಿನ ಮೂಲಕವೇ ಹರಿಯತೊಡಗಿತು. ಎಲೆಕ್ಟ್ರಾನಿಕ್ ಇಂಜೆಕ್ಷನ್ ಇದ್ದೂ ಆಯಿಲ್ ಪಂಪು ಇಲ್ಲದ, ಬೆರೆಸಿಯೇ ಹಾಕಬೇಕಾದ ಗಾಡಿ ಅದು. ಯಮಹಾ ವೈಝೆಡ್250 ಅಂತೂ ಈ ಗದ್ದಲಕ್ಕೆ ಕಿವಿಗೊಡದೆ ಕಾರ್ಬ್ಯುರೇಟರಿನಲ್ಲೇ, 30:1ರಲ್ಲೇ ಓಡಿಕೊಂಡಿದೆ.

ಇಟಲಿಯ ಬೇಟಾ ಈ ಜಗಳವನ್ನು ಗಿರಾಕಿಗಳಿಗೇ ಬಿಟ್ಟಿತು. ಕಾರ್ಬ್ಯುರೇಟರ್ ಇಟ್ಟುಕೊಂಡೇ ಎಕ್ಸ್‌ಟ್ರೇನರ್ 300ಗೆ, ಆಮೇಲೆ ಆರ್‌ಆರ್ 250, 300ಗಳಿಗೆ ಆಯಿಲ್ ಇಂಜೆಕ್ಷನ್ ಜೋಡಿಸಿತು. ಆದರೆ ಅದೇ ಆರ್‌ಆರ್‌ನ ರೇಸ್ ಎಡಿಷನ್‌ನಲ್ಲಿ ತೂಕ ಇಳಿಸಲೆಂದು ಪಂಪನ್ನೂ ಆಯಿಲ್ ಟ್ಯಾಂಕನ್ನೂ ಕಿತ್ತುಹಾಕಿತು. ಬೆಲೆ ಹೆಚ್ಚಿರುವುದು ರೇಸ್ ಎಡಿಷನ್‌ಗೇ.