ದಾರಿಯಲ್ಲಿ ದುರಸ್ತಿಯಾದ ಗಾಳಿ ಬಂದೂಕು

ಗಾಳಿ ಬಂದೂಕು ಎಂದೊಡನೆ ನಿಮಗೆ ಜಾತ್ರೆಯಲ್ಲಿ ಬಲೂನು ಒಡೆಯುವ ಏರ್‌ಗನ್ ನೆನಪಾಗಬಹುದು. ಆದರೆ ಇನ್ನೂರು ವರ್ಷಗಳಿಗೂ ಹಿಂದೆ ಯೂರೋಪಿನ ಸೈನ್ಯವೊಂದು ಗಾಳಿ ಬಂದೂಕನ್ನು ಯುದ್ಧಕ್ಕೇ ಬಳಸಿತ್ತು ಎಂಬುದು ಗೊತ್ತೆ? ಅದು ಸೈನ್ಯದಿಂದ ಮರೆಯಾದದ್ದೇಕೆ, ದೂರದ ಅಮೆರಿಕದ ಪ್ರವಾಸದಲ್ಲಿ ಉಳಿದುಕೊಂಡದ್ದು ಹೇಗೆ ಎಂಬುದನ್ನು ನೋಡೋಣ.

ಈ ಬಂದೂಕನ್ನು ರೂಪಿಸಿದವನು ಬಾರ್ತೊಲೊಮೇಯಸ್ ಜಿರಾರ್ಡೋನಿ. ಆಸ್ಟ್ರಿಯಾದ ಸೈನ್ಯ ಸುಮಾರು 1780ರಲ್ಲಿ ಇದನ್ನು ಬಳಕೆಗೆ ತಂದಿತು. ಇದರ ಹಿಂಬದಿಯಲ್ಲಿ, ಹೆಗಲಿಗೆ ಒತ್ತಿ ಹಿಡಿಯುವ ಕಡೆ, ಮರದ ಬದಲು ಲೋಹದ ಗಾಳಿಬುರುಡೆ ಇತ್ತು. ಕೈಪಂಪಿನಿಂದ ಸುಮಾರು 1500 ಸಲ ಒತ್ತಿ ಅದನ್ನು ತುಂಬಬೇಕಿತ್ತು. ತುಂಬಿದಾಗ ಒಳಗಿನ ಒತ್ತಡ ಸುಮಾರು 55 ವಾಯುಭಾರದಷ್ಟು. ಎಂದರೆ, ಇಂದಿನ ಕಾರಿನ ಟೈರಿನಲ್ಲಿರುವುದರ ಸುಮಾರು ಇಪ್ಪತ್ತೈದು ಪಟ್ಟು! ಪಕ್ಕದ ಕೊಳವೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಗುಂಡುಗಳು ಸಾಲಾಗಿ ಕುಳಿತಿರುತ್ತಿದ್ದವು. ಮದ್ದು ತುಂಬುವ ಕೆಲಸವಿಲ್ಲ, ಹೊಗೆಯಿಲ್ಲ. ಒಂದಾದ ಮೇಲೊಂದರಂತೆ ಗುಂಡು ಹಾರಿಸಬಹುದಾಗಿತ್ತು.

ಇದು ಕೆಲಸ ಮಾಡುವ ಬಗೆ ಸರಳ. ಕುದುರೆ ಎಳೆದಾಗ ಬಿಗಿದಿಟ್ಟ ಸ್ಪ್ರಿಂಗ್ ಬಿಡುಗಡೆಯಾಗಿ ಗಾಳಿಬುರುಡೆಯ ಕವಾಟವನ್ನು ಕ್ಷಣಮಾತ್ರ ತೆರೆಯುತ್ತದೆ. ಹೊರನುಗ್ಗಿದ ಗಾಳಿ ಗುಂಡನ್ನು ನಳಿಗೆಯಲ್ಲಿ ದೂಡುತ್ತದೆ. ಸ್ಪ್ರಿಂಗ್ ಸೋತಿದ್ದರೆ ಕವಾಟ ಸಾಕಷ್ಟು ತೆರೆಯದು, ಗುಂಡಿನ ವೇಗ ಕುಂದುತ್ತದೆ. ಅತಿ ಬಿರುಸಾಗಿದ್ದರೆ ಬೇಕಾದುದಕ್ಕಿಂತ ಹೆಚ್ಚು ಗಾಳಿ ಸೋರಿ ವ್ಯರ್ಥವಾಗುತ್ತದೆ. ಕೀಲುಗಳಲ್ಲಿದ್ದ ಚರ್ಮದ ಬಿಲ್ಲೆಗಳನ್ನು ಸದಾ ತೇವವಾಗಿಡಬೇಕಿತ್ತು. ಒಣಗಿದ ಚರ್ಮ ಕುಗ್ಗಿದರೆ ಗಾಳಿ ಹೊರಹೋಗುತ್ತದೆ. ಸ್ಪ್ರಿಂಗ್, ಕವಾಟ, ಚರ್ಮ ಮೂರೂ ಹೊಂದಿಕೊಂಡಿದ್ದರೆ ಮಾತ್ರ ಬಂದೂಕು. ಇಲ್ಲದಿದ್ದರೆ ಅದು ಬರಿಯ ಕಬ್ಬಿಣ.

ಆಸ್ಟ್ರಿಯಾದ ಸೈನ್ಯಕ್ಕೆ ತೊಡಕಾದದ್ದು ಇದೇ. ಇದರ ಬಳಕೆಗೆ ವಿಶೇಷ ತರಬೇತಿ ಬೇಕಿತ್ತು, ದುರಸ್ತಿಗೆ ನುರಿತ ಕೈಗಳು ಬೇಕಿದ್ದವು. ಗಾಳಿಬುರುಡೆಗಳನ್ನು ಸೋರದಂತೆ ತಯಾರಿಸುವುದೂ ಕಷ್ಟವಾಗಿತ್ತು. ಯುದ್ಧಭೂಮಿಯ ಕೆಸರು ನೂಕುನುಗ್ಗಲಿನಲ್ಲಿ ಇಷ್ಟೆಲ್ಲ ಆರೈಕೆ ಎಲ್ಲಿ ಸಾಧ್ಯ? 1815ರ ಹೊತ್ತಿಗೆ ಇದರ ಬಳಕೆ ನಿಂತುಹೋಯಿತು.

ಈಗ ಅಮೆರಿಕಕ್ಕೆ ಬನ್ನಿ. ಖಂಡದ ಪಶ್ಚಿಮ ಭಾಗವನ್ನು ಅರಿತು ಬರಲು ಅಧ್ಯಕ್ಷ ಥಾಮಸ್ ಜೆಫರ್ಸನ್ ಕಳುಹಿಸಿದ ತಂಡದ ನಾಯಕರು ಮೆರಿವೆದರ್ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್. ಲೂಯಿಸ್ ಜೊತೆಗೆ ಒಂದು ಗಾಳಿ ಬಂದೂಕನ್ನು ಒಯ್ದಿದ್ದ. ಅದು ಜಿರಾರ್ಡೋನಿ ಮಾದರಿಯದೆಂದು ಇಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಅದೇನೂ ಆಟಿಕೆಯಾಗಿರಲಿಲ್ಲ. 1803ರ ಆಗಸ್ಟ್ 30ರಂದು ಪಿಟ್ಸ್‌ಬರ್ಗ್ ಬಳಿ, ಬಳಕೆ ತಿಳಿಯದವನೊಬ್ಬನ ಕೈಯಲ್ಲಿ ಅದು ಆಕಸ್ಮಿಕವಾಗಿ ಹಾರಿತು. ಸುಮಾರು 36 ಮೀಟರ್ ದೂರದಲ್ಲಿದ್ದ ಮಹಿಳೆಯ ಟೋಪಿಯನ್ನು ತೂರಿದ ಗುಂಡು ಆಕೆಯ ಕಪಾಲವನ್ನು ಸವರಿಕೊಂಡು ಹೋಯಿತು. ಆಕೆ ಬದುಕಿದಳು.

ಸಾವಿರಾರು ಕಿಲೋಮೀಟರ್ ದೂರದ ದಾರಿಯಲ್ಲಿ ಬಂದೂಕು ಕೆಡದೆ ಇರುತ್ತದೆಯೆ? 1805ರ ಜೂನ್ 10ರಂದು ಜಾನ್ ಶೀಲ್ಡ್ಸ್ ಎಂಬ ಕಮ್ಮಾರ ಅದರ ಮುಖ್ಯ ಸ್ಪ್ರಿಂಗನ್ನು ಹೊಸದಾಗಿ ಹಾಕಿದ. ಯಾರ ಬಳಿಯೂ ಕ್ರಮವಾಗಿ ಕಸುಬು ಕಲಿಯದ ಈತ, ತನಗೆ ಬೇಕಾದ ಉಪಕರಣಗಳನ್ನು ತಾನೇ ಮಾಡಿಕೊಳ್ಳುತ್ತಿದ್ದನೆಂದು ಲೂಯಿಸ್ ದಿನಚರಿಯಲ್ಲಿ ಮೆಚ್ಚಿ ಬರೆದಿದ್ದಾನೆ. ಆಗಸ್ಟ್ 7ರಂದು ಮತ್ತೆ ತೊಂದರೆ. ಬಂದೂಕು ಕೆಟ್ಟಿತ್ತು, ಗುರಿ ನೋಡುವ ಭಾಗಗಳು ಕಳಚಿಹೋಗಿದ್ದವು. ಈ ಬಾರಿ ಲೂಯಿಸನೇ ಅದನ್ನು ಸರಿಪಡಿಸಿ, ಗುರಿ ಹೊಂದಿಸಿದ. ಅದು ಮೊದಲಿನಂತೆಯೇ ಗುಂಡು ಹಾರಿಸಿತು.

ಗುರಿ ಹೊಂದಿಸುವುದು ಏಕೆ ಅಷ್ಟು ಮುಖ್ಯ? ಸಮರೂಪ ತ್ರಿಭುಜಗಳಿಂದ ನೀವೇ ಲೆಕ್ಕ ಹಾಕಬಹುದು. ಗುರಿ ನೋಡುವ ಹಿಂದಿನ ಮತ್ತು ಮುಂದಿನ ಭಾಗಗಳ ನಡುವೆ 80 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಒಂದು ಭಾಗ ಕೇವಲ 1 ಮಿಲಿಮೀಟರ್ ಸರಿದರೆ, 50 ಮೀಟರ್ ದೂರದಲ್ಲಿ ಗುಂಡು 6 ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ.

ಆ ದುರಸ್ತಿಯಾದ ಹತ್ತೇ ದಿನಕ್ಕೆ, ಆಗಸ್ಟ್ 17ರಂದು, ತಂಡ ಶೋಶೋನಿ ಜನರೊಡನೆ ಮಾತುಕತೆಗೆ ಕುಳಿತಿತು. ಮುಂದೆ ಬೆಟ್ಟಸಾಲು, ದಾಟಲು ಶೋಶೋನಿಗಳ ಕುದುರೆಗಳು ಬೇಕು. ಲೂಯಿಸ್ ಅವರೆದುರು ಗಾಳಿ ಬಂದೂಕು ಹಾರಿಸಿ ತೋರಿಸಿದ. ಅವರಿಗೆ ಅದೊಂದು ಅದ್ಭುತ. ಕುದುರೆಗಳು ದೊರೆತದ್ದಕ್ಕೆ ವ್ಯಾಪಾರ, ಬಂಧುತ್ವ ಮುಂತಾದ ಕಾರಣಗಳೂ ಇದ್ದವು ನಿಜ. ಆದರೆ ಆ ದಿನ ಬಂದೂಕು ಕೈಕೊಡದೆ ಇದ್ದುದಕ್ಕೆ ಕಾರಣ ಹತ್ತು ದಿನ ಹಿಂದಿನ ದುರಸ್ತಿ. ಮುಂದೆ 1806ರ ಮಾರ್ಚಿನಲ್ಲಿ, ಹೆಚ್ಚುವರಿ ಬಿಡಿಭಾಗಗಳೂ ಶೀಲ್ಡ್ಸ್‌ನ ಜಾಣ್ಮೆಯೂ ಇಲ್ಲದಿದ್ದರೆ ತಂಡದ ಹೆಚ್ಚಿನ ಬಂದೂಕುಗಳು ಕೆಲಸಕ್ಕೆ ಬಾರದಂತಾಗುತ್ತಿದ್ದವೆಂದು ಲೂಯಿಸ್ ಬರೆದ.

ಸಾವಿರಾರು ಸೈನಿಕರ ಪಡೆಯಲ್ಲಿ ನಿಭಾಯಿಸಲಾಗದ ಯಂತ್ರ, ಕೆಲವೇ ಜನರ ತಂಡದಲ್ಲಿ ಉಳಿಯಿತು. ಅಲ್ಲಿ ಅದನ್ನು ಬಿಚ್ಚಿ ಜೋಡಿಸಬಲ್ಲವರು ಪಕ್ಕದಲ್ಲೇ ಇದ್ದರು. ಹೊಸ ಯಂತ್ರವೊಂದರ ಬಗ್ಗೆ ಓದುವಾಗ ಅದನ್ನು ಕಂಡುಹಿಡಿದವರ ಹೆಸರಿನೊಂದಿಗೆ, ಅದನ್ನು ದುರಸ್ತಿ ಮಾಡಿದವರು ಯಾರು ಎಂದೂ ಕೇಳಿ.

ತರಗತಿಯಲ್ಲಿ ಒಂದು ಪ್ರಯೋಗ ಮಾಡಬಹುದು. ಚರ್ಮದ ವಾಶರಿರುವ ಹಳೆಯ ಸೈಕಲ್ ಪಂಪನ್ನು ಹುಡುಕಿ. ವಾಶರ್ ಒಣಗಿದ್ದರೆ ಎಷ್ಟು ಒತ್ತಿದರೂ ಗಾಳಿ ನಿಲ್ಲದು. ಅದಕ್ಕೆ ನಾಲ್ಕು ಹನಿ ಎಣ್ಣೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಒತ್ತಿ ನೋಡಿ. ಜಿರಾರ್ಡೋನಿಯ ಬಂದೂಕಿನ ಕಷ್ಟ ನಿಮ್ಮ ಕೈಗೇ ತಿಳಿಯುತ್ತದೆ.