ಕಾರ್ಖಾನೆಯಿಂದ ಬಂದ ಮನೆಗಳು

ಮನೆಯ ಗೋಡೆ, ಚಾವಣಿ, ಬಾಗಿಲು, ಕಿಟಕಿಗಳನ್ನು ಯಂತ್ರಗಳಿಂದ ತಯಾರಿಸಿ, ಲಾರಿಯಲ್ಲಿ ತಂದು, ನಿವೇಶನದಲ್ಲಿ ಬರೀ ಜೋಡಿಸುವ ಪ್ರಯತ್ನಕ್ಕೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅಮೆರಿಕದ ಸಿಯರ್ಸ್ ರೋಬಕ್ ಕಂಪನಿ 1908ರಿಂದ 1940ರವರೆಗೆ ಕ್ಯಾಟಲಾಗ್ ಮೂಲಕ ಮನೆಗಳನ್ನು ಮಾರಿತು. ಮರ, ಮೊಳೆ, ಬಣ್ಣ ಎಲ್ಲವೂ ರೈಲಿನಲ್ಲಿ ಬರುತ್ತಿದ್ದರೂ ಕಟ್ಟುವ ಕೆಲಸ ಬಡಗಿಯದೇ ಆಗಿತ್ತು. ಕಾರಿನಂತೆ ಮನೆಯೂ ಅಸೆಂಬ್ಲಿ ಲೈನಿನಿಂದ ಹೊರಬರಬೇಕೆಂಬ ಹಂಬಲ ಬಲಿತದ್ದು ಎರಡನೆಯ ಮಹಾಯುದ್ಧದ ಬಳಿಕ.

ಅದು ಅತಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೊಳಗಾದದ್ದು ಲಸ್ಟ್ರಾನ್ ಕಂಪನಿಯಲ್ಲಿ. ಯುದ್ಧದಿಂದ ಮರಳಿದ ಲಕ್ಷಾಂತರ ಸೈನಿಕರಿಗೆ ಆಗ ಮನೆಗಳಿರಲಿಲ್ಲ; ಉಕ್ಕಿನ ಹಂಚಿಕೆ ಸರ್ಕಾರದ ಕೈಯಲ್ಲಿತ್ತು. ಷಿಕಾಗೋದ ಎನಾಮಲ್ ಕಂಪನಿಯೊಂದರ ಕಾರ್ಲ್ ಸ್ಟ್ರಾಂಡ್‌ಲುಂಡ್ 1946ರಲ್ಲಿ ಪೆಟ್ರೋಲ್ ಬಂಕುಗಳನ್ನು ಕಟ್ಟಲು ಉಕ್ಕು ಕೇಳಿಕೊಂಡು ವಾಷಿಂಗ್ಟನ್ನಿಗೆ ಹೋದರು. ಬಂಕಿಗೆ ಕೊಡಲಾಗದು, ಮನೆಗಾದರೆ ನೋಡಬಹುದು ಎಂಬ ಉತ್ತರ ಬಂತು. ಬಂಕಿನ ಗೋಡೆಗೆಂದು ಯೋಚಿಸಿದ್ದ, ಪಿಂಗಾಣಿ ಎನಾಮಲ್ ಲೇಪದ ಉಕ್ಕಿನ ಹಾಳೆ ಹೀಗೆ ಮನೆಯ ಗೋಡೆಯಾಯಿತು, ಚಾವಣಿಯೂ ಆಯಿತು. ಅವರ ಲಸ್ಟ್ರಾನ್ ಕಂಪನಿಗೆ ಸರ್ಕಾರದ ರೀಕನ್‌ಸ್ಟ್ರಕ್ಷನ್ ಫೈನಾನ್ಸ್ ಕಾರ್ಪೊರೇಷನ್ ಕಂತು ಕಂತಾಗಿ ಒಟ್ಟು 3.7 ಕೋಟಿ ಡಾಲರಿಗೂ ಹೆಚ್ಚು ಸಾಲ ಕೊಟ್ಟಿತು. ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಯುದ್ಧಕಾಲದಲ್ಲಿ ವಿಮಾನ ತಯಾರಿಸುತ್ತಿದ್ದ ಕಾರ್ಖಾನೆಯೂ ದೊರೆಯಿತು.

ಎರಡು ಮಲಗುವ ಕೋಣೆಗಳ, ಸುಮಾರು ಸಾವಿರ ಚದರ ಅಡಿಯ ಮನೆಯೊಂದಕ್ಕೆ ಮೂರು ಸಾವಿರಕ್ಕೂ ಹೆಚ್ಚು ಬಿಡಿಭಾಗಗಳು ಬೇಕಾಗುತ್ತಿದ್ದವು. ಮೊದಲು ಬೇಕಾದದ್ದು ಮೊದಲು ಕೈಗೆ ಸಿಗುವಂತೆ ಅಷ್ಟನ್ನೂ ಒಂದೇ ಟ್ರೈಲರಿನಲ್ಲಿ ಜೋಡಿಸಿ ಕಳುಹಿಸಲಾಗುತ್ತಿತ್ತು. ಬಣ್ಣ ಬಳಿಯಬೇಕಿಲ್ಲ, ಗೆದ್ದಲು ಹತ್ತುವುದಿಲ್ಲ, ತುಕ್ಕಿನ ಭಯವಿಲ್ಲ ಎಂಬುದು ಕಂಪನಿಯ ಪ್ರಚಾರ. ಗೋಡೆಗೆ ಮೊಳೆ ಹೊಡೆಯಲು ಆಗುತ್ತಿರಲಿಲ್ಲ ಎಂಬುದನ್ನು ಮನೆಯವರು ಆಮೇಲೆ ಕಂಡುಕೊಂಡರು. ಅವುಗಳಲ್ಲಿ ಹಲವು ಮನೆಗಳು ಇಂದಿಗೂ ನಿಂತಿವೆ. ದೋಷ ಮನೆಯಲ್ಲಿರಲಿಲ್ಲ, ಲೆಕ್ಕದಲ್ಲಿತ್ತು. ದಿನಕ್ಕೆ ನೂರು ಮನೆಗಳ ಗುರಿಯಿಟ್ಟಿದ್ದ ಕಾರ್ಖಾನೆ ಅದರ ಕಾಲು ಭಾಗದ ಆಸುಪಾಸಿನಲ್ಲೇ ನಿಂತಿತು. ಯಂತ್ರಗಳಿಗೂ ಕುಲುಮೆಗಳಿಗೂ ಹಾಕಿದ ಬಂಡವಾಳ ಮಾತ್ರ ನೂರು ಮನೆಗಳ ಲೆಕ್ಕದ್ದು. ಮನೆಯ ಭಾಗಗಳು ನಿವೇಶನಕ್ಕೆ ಬಂದಿಳಿಯುವ ಮೊದಲೇ ಡೀಲರ್ ಕೈಯಿಂದ ಹಣ ಹೂಡಬೇಕಿತ್ತು. ಉಕ್ಕಿನ ಮನೆಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಊರೂರಿನ ಕಟ್ಟಡ ನಿಯಮಗಳೋ ಬೇರೆ ಬೇರೆ. ಏಳು ಸಾವಿರ ಡಾಲರಿಗೆ ಸಿಗಬೇಕಿದ್ದ ಮನೆಯ ಬೆಲೆ ಹತ್ತು ಸಾವಿರ ದಾಟಿತು, ಅದೂ ನಿವೇಶನ ಬಿಟ್ಟು. ಸುಮಾರು 2,500 ಮನೆಗಳನ್ನು ಹೊರತಂದ ಕಂಪನಿ 1950ರಲ್ಲಿ ಮುಳುಗಿತು.

ಅದೇ ಹೊತ್ತಿಗೆ ನ್ಯೂಯಾರ್ಕ್ ಬಳಿಯ ಲೆವಿಟ್‌ಟೌನ್‌ನಲ್ಲಿ 1947ರಿಂದ 1951ರೊಳಗೆ ಹದಿನೇಳು ಸಾವಿರಕ್ಕೂ ಹೆಚ್ಚು ಮರದ ಮನೆಗಳು ಎದ್ದವು. ಲೆವಿಟ್ ಕುಟುಂಬ ಮನೆ ಕಟ್ಟುವ ಕೆಲಸವನ್ನು ಇಪ್ಪತ್ತೇಳರಷ್ಟು ಹಂತಗಳಾಗಿ ಒಡೆದಿತ್ತು. ಮನೆಗಳು ಇದ್ದಲ್ಲೇ ಇದ್ದವು, ಕೆಲಸಗಾರರ ತಂಡಗಳು ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದ್ದವು. ಕಾರ್ಖಾನೆಯ ಶಿಸ್ತು ಇತ್ತು, ಕಾರ್ಖಾನೆಯ ಬಡ್ಡಿ ಇರಲಿಲ್ಲ. ಲಸ್ಟ್ರಾನನ್ನು ನಿಜವಾಗಿ ಸೋಲಿಸಿದ್ದು ಇದೇ.

ಭಾರತವೂ ಆಗಲೇ ಈ ಪ್ರಯೋಗಕ್ಕೆ ಕೈಹಾಕಿತ್ತು. ಜರ್ಮನಿಯಲ್ಲಿ ಹುಟ್ಟಿದ ಓಟೋ ಕೋನಿಗ್ಸ್‌ಬರ್ಗರ್ ನಾಜಿಗಳ ಕಾಲದಲ್ಲಿ ದೇಶ ಬಿಟ್ಟು, 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಮುಖ್ಯ ವಾಸ್ತುಶಿಲ್ಪಿಯಾದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರ ವಿನ್ಯಾಸ. 1948ರಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದ ಅವರು, ದೇಶ ವಿಭಜನೆಯ ನಿರಾಶ್ರಿತರಿಗೆ ಸಿದ್ಧ ಕಾಂಕ್ರೀಟ್ ಫಲಕಗಳ ಮನೆ ಒದಗಿಸುವ ದೆಹಲಿಯ ಕಾರ್ಖಾನೆಯ ಯೋಜನೆಯನ್ನು ಮುನ್ನಡೆಸಿದರು. ಆದರೆ ಕಾರ್ಖಾನೆ ನಿರೀಕ್ಷಿಸಿದಷ್ಟು ಮನೆಗಳನ್ನು ಕೊಡಲಿಲ್ಲ. ಟೀಕೆಗಳ ನಡುವೆ ಕೋನಿಗ್ಸ್‌ಬರ್ಗರ್ 1951ರಲ್ಲಿ ರಾಜೀನಾಮೆಯಿತ್ತು ಲಂಡನ್ನಿಗೆ ತೆರಳಿದರು. ಯಂತ್ರ ಉಳಿಸುವುದು ಕೂಲಿಯನ್ನು. ನಿರಾಶ್ರಿತರಲ್ಲೇ ಸಾವಿರಾರು ಜನ ಕೂಲಿಗಾಗಿ ಅಲೆಯುತ್ತಿದ್ದ ದೆಹಲಿಯಲ್ಲಿ ಆ ಉಳಿತಾಯಕ್ಕೆ ಏನು ಬೆಲೆ? 1953ರಲ್ಲಿ ಕಾರ್ಖಾನೆ ಹಿಂದುಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಕಂಪನಿಯಾಯಿತು, 1978ರಲ್ಲಿ ಹಿಂದುಸ್ತಾನ್ ಪ್ರೀಫ್ಯಾಬ್ ಎಂದು ಹೆಸರು ಬದಲಿಸಿಕೊಂಡಿತು. ಅದು ಬದುಕಿಕೊಂಡದ್ದು ವಿದ್ಯುತ್ ಕಂಬ, ರೈಲ್ವೆ ಸ್ಲೀಪರ್‌ಗಳಂಥ ಸರಕುಗಳಿಂದ. ಒಂದೇ ಅಚ್ಚಿನ ಸಾವಿರಾರು ಪ್ರತಿಗಳನ್ನು ಒಬ್ಬನೇ ಗಿರಾಕಿ ಕೊಳ್ಳುವ ವಸ್ತುಗಳವು.

ಒಬ್ಬನೇ ಗಿರಾಕಿಯಿದ್ದರೆ ಮನೆಗೂ ಅದೇ ಲೆಕ್ಕ ಹೊಂದುತ್ತದೆ ಎಂಬುದನ್ನು ಸೋವಿಯತ್ ಒಕ್ಕೂಟ ತೋರಿಸಿತು. 1954ರ ಡಿಸೆಂಬರಿನಲ್ಲಿ ಅದರ ನಾಯಕ ಕ್ರುಶ್ಚೇವ್ ಅಲಂಕಾರದ ಕಟ್ಟಡಗಳನ್ನು ಖಂಡಿಸಿ ಕಾರ್ಖಾನೆ ನಿರ್ಮಾಣದ ಪರ ಮಾತಾಡಿದರು. ಫ್ರಾನ್ಸಿನ ರೇಮೊಂ ಕಾಮ್ಯು ರೂಪಿಸಿದ್ದ ದೊಡ್ಡ ಫಲಕಗಳ ವಿಧಾನವೂ ಅಲ್ಲಿಗೆ ಬಂತು. ಲಿಫ್ಟಿಲ್ಲದ, ಐದಂತಸ್ತಿನ, ಒಂದರಂತೆ ಇನ್ನೊಂದಿರುವ ವಸತಿ ಕಟ್ಟಡಗಳು ಕೋಟ್ಯಂತರ ಜನರನ್ನು ಹಂಚಿಕೆಯ ಕೋಣೆಗಳಿಂದ ಸ್ವಂತ ಅಡುಗೆಮನೆಗೆ ಕರೆತಂದವು. ಇಕ್ಕಟ್ಟು, ಪಕ್ಕದ ಮನೆಯ ಮಾತೆಲ್ಲ ಕೇಳಿಸುವ ಗೋಡೆ ಇವುಗಳ ಬಗ್ಗೆ ದೂರುಗಳಿದ್ದವು. ಬೇರೆ ಆಯ್ಕೆ ಇರಲಿಲ್ಲ.

ಮಾರುಕಟ್ಟೆಯ ನಡುವೆಯೇ ಗೆದ್ದದ್ದು ಜಪಾನ್. 1959ರಲ್ಲಿ ದೈವಾ ಹೌಸ್ ಕಂಪನಿ ಮಕ್ಕಳ ಓದಿಗೆಂದು ಮಿಡ್ಜೆಟ್ ಹೌಸ್ ಎಂಬ ಪುಟ್ಟ ಕೋಣೆಯನ್ನು ಮಾರತೊಡಗಿತು. ಜೋಡಿಸಲು ಮೂರು ಗಂಟೆ ಸಾಕಾಗುತ್ತಿತ್ತು. 1970ರ ದಶಕದ ಆರಂಭಕ್ಕೆ ಸೆಕಿಸುಯಿ ಹೈಮ್ ಕಂಪನಿ ಉಕ್ಕಿನ ಚೌಕಟ್ಟಿನ ಪೆಟ್ಟಿಗೆಗಳಾಗಿ ಮನೆಯ ಬಹುಭಾಗವನ್ನು ಕಾರ್ಖಾನೆಯಲ್ಲೇ ಮುಗಿಸಿ ಕಳುಹಿಸುತ್ತಿತ್ತು. ಅದೇ ದಶಕದಲ್ಲಿ ಟೊಯೋಟಾ ಕೂಡ ಮನೆ ತಯಾರಿಕೆಗೆ ಇಳಿಯಿತು. ವಿಶೇಷವೆಂದರೆ ಈ ಮನೆಗಳು ಅಗ್ಗವಲ್ಲ. ಭೂಕಂಪಕ್ಕೆ ಜಗ್ಗದ ಗುಣಮಟ್ಟ, ದೀರ್ಘ ಗ್ಯಾರಂಟಿ, ಗಿರಾಕಿಯ ಇಷ್ಟದಂತೆ ಕೋಣೆಗಳ ಜೋಡಣೆ ಇವೇ ಅವುಗಳ ಬಂಡವಾಳ. ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟುವ ಅಲ್ಲಿನ ರೂಢಿಯಿಂದ ಬೇಡಿಕೆಯೂ ಬತ್ತಲಿಲ್ಲ.

ಕ್ಯಾಲಿಫೋರ್ನಿಯದಲ್ಲಿ 2015ರಲ್ಲಿ ಹುಟ್ಟಿದ ಕಟೇರಾ ಕಂಪನಿ ರೋಬಾಟ್ ಮತ್ತು ಸಾಫ್ಟ್‌ವೇರ್ ಹೆಸರಿನಲ್ಲಿ ಸುಮಾರು 200 ಕೋಟಿ ಡಾಲರ್ ಕೂಡಿಸಿ, 2021ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಲಸ್ಟ್ರಾನ್ ಕಥೆಯನ್ನು ಅದು ಓದಿದಂತೆ ಕಾಣುವುದಿಲ್ಲ. ಅದು 2018ರಲ್ಲಿ ತನ್ನೊಳಗೆ ಸೇರಿಸಿಕೊಂಡಿದ್ದ ಕೆಇಎಫ್ ಇನ್‌ಫ್ರಾ ಕಂಪನಿಗೆ ಬೆಂಗಳೂರಿಗೆ ಹತ್ತಿರದ ಕೃಷ್ಣಗಿರಿಯಲ್ಲಿ ದೊಡ್ಡ ಪ್ರೀಕಾಸ್ಟ್, ಅಂದರೆ ಸಿದ್ಧ ಕಾಂಕ್ರೀಟ್ ಭಾಗಗಳ, ಕಾರ್ಖಾನೆಯಿತ್ತು. 2017ರಲ್ಲಿ ಬೆಂಗಳೂರಿನ ಇಂದಿರಾ ಕ್ಯಾಂಟೀನುಗಳನ್ನು ಅಷ್ಟು ಬೇಗ ಎಬ್ಬಿಸಿ ನಿಲ್ಲಿಸಿದ್ದು ಇದೇ ಕೆಇಎಫ್. ಅಲ್ಲಿಯೂ ಒಂದೇ ನಕ್ಷೆ, ಒಬ್ಬನೇ ಗಿರಾಕಿ. ಅಪಾರ್ಟ್‌ಮೆಂಟುಗಳಿಗೂ ಮೆಟ್ರೊ ಮಾರ್ಗಕ್ಕೂ ಪ್ರೀಕಾಸ್ಟ್ ಒಗ್ಗಿಕೊಂಡಿದೆ. ಮೂವತ್ತು ನಲವತ್ತರ ಸೈಟಿನ ಮನೆ ಮಾತ್ರ ಮೇಸ್ತ್ರಿಯ ಕೈಯಲ್ಲೇ ಉಳಿದಿದೆ: ಪ್ರತಿ ಮನೆಗೂ ಬೇರೆ ನಕ್ಷೆ, ಬೇರೆ ವಾಸ್ತು. ಕೈಯಲ್ಲಿ ಹಣವಿದ್ದಷ್ಟು ಕಟ್ಟಿ, ಮುಂದೊಂದು ಮಹಡಿ ಏರಿಸಲೆಂದು ತಾರಸಿಯ ಮೇಲೆ ಕಂಬದ ಕಬ್ಬಿಣ ಬಿಟ್ಟುಕೊಳ್ಳುವ ಮಾಲೀಕನಿಗೆ, ಮುಗಿದ ಮನೆಯನ್ನೇ ಒಂದೇ ಸಲಕ್ಕೆ ಮಾರಬೇಕಾದ ಕಾರ್ಖಾನೆಯ ಬಳಿ ಕೊಡಲು ಇನ್ನೂ ಏನೂ ಇಲ್ಲ.